ಗುಂಯ್ ಎನ್ನುವ ದೀಪ, ಕಟಕಟ ಎನ್ನುವ ಪಂಖಾ



ಎತ್ತು ಕುಂಟಿದರೆ ಕಾಲು ನೋಡುವೆವು. ಗಾಡಿ ಕಿರುಗುಟ್ಟಿದರೆ ಅಚ್ಚಿಗೆ ಎಣ್ಣೆ ಹಾಕುವೆವು. ಮನೆಯ ದೀಪ ಗುಂಯ್‌ಗುಟ್ಟಿದರೆ ಮಾತ್ರ “ನಡೀತದ, ನಡೀಲಿ” ಎಂದು ಸುಮ್ಮನಾಗುವೆವು. ಸದ್ದು ಎಂಬುದು ಯಂತ್ರದ ಮಾತು. ಕೆಲವು ಸದ್ದು ಬರೇ ಬೇಸರ ತರುವಂಥವು. ಕೆಲವು ಮನೆಗೆ ಬೆಂಕಿ ಬೀಳುವ ಮುನ್ಸೂಚನೆ. ಇವೆರಡನ್ನೂ ಗುರುತಿಸುವ ಬಗೆಯನ್ನು ತಿಳಿಯೋಣ.

ಇಚಲಕರಂಜಿಗೆ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ. ಇಂದು ಅಲ್ಲಿಯ ಓಣಿಗಳಲ್ಲಿ ಮಗ್ಗದ ಅಬ್ಬರದೊಳಗೆ ಪಂಖದ ಸದ್ದು ಕೇಳಿಸದು. ಅಂಥ ಮನೆಯವರು ಮಗ್ಗ ನಿಂತ ದಿನ ಈ ಪರೀಕ್ಷೆ ಮಾಡಬೇಕು. ಗಡಹಿಂಗ್ಲಜದ ಹಳ್ಳಿಗಳಲ್ಲಾಗಲಿ ಕೊಲ್ಲಾಪುರದ ಸುತ್ತಲಾಗಲಿ ಇರುವವರಿಗೆ ರಾತ್ರಿಯೇ ಒಳ್ಳೆಯ ಹೊತ್ತು.

ಮೊದಲು ಕಿವಿ, ಆಮೇಲೆ ಕೈ. ಸದ್ದು ಒಂದೇ ದೀಪದಲ್ಲಿದ್ದರೆ ದೋಷ ಆ ದೀಪದ್ದು. ಒಂದು ಕೋಣೆಯಲ್ಲಿದ್ದರೆ ಸ್ವಿಚ್ಚು, ರೆಗ್ಯುಲೇಟರ ಇಲ್ಲವೆ ತಂತಿಯ ಜೋಡಣೆಯದು. ಮನೆಯೆಲ್ಲ ಒಮ್ಮೆಲೇ ಸದ್ದು ಮಾಡಿದರೆ ದೋಷ ಹೊರಗಿನಿಂದ ಬಂದಿರಬಹುದು. ಕೈ ಹಾಕುವ ಮೊದಲು ಮೇನ್ ಸ್ವಿಚ್ ತೆಗೆಯತಕ್ಕದ್ದು. ಕೈಕಾಲು ಒಣಗಿರಲಿ, ನಿಲ್ಲಲು ಕಟ್ಟಿಗೆಯ ಮೆಟ್ಟು ಇರಲಿ.

1. ಟ್ಯೂಬಲೈಟು: ಹಳೆಯ ಚೋಕಿನೊಳಗೆ ತೆಳುವಾದ ಕಬ್ಬಿಣದ ತಗಡುಗಳಿರುತ್ತವೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸುತ್ತು ತಿರುಗುವದು. ಪ್ರತಿ ಸುತ್ತಿನಲ್ಲಿ ತಗಡು ಎರಡು ಸಲ ಸೆಳೆಯಲ್ಪಡುವದರಿಂದ ಸೆಕೆಂಡಿಗೆ 100 ಸಲ ನಡುಗಿ ಗುಂಯ್ ಎನ್ನುವದು. ಚೋಕಿನ ತಿರುಪು ಬಿಗಿ ಮಾಡಿದರೆ ಅನೇಕ ಸಲ ಸದ್ದು ಇಳಿಯುವದು. ಬಿಗಿ ಮಾಡಿದರೂ ನಿಲ್ಲದೆ, ಚೋಕು ಕೈ ಸುಡುವಷ್ಟು ಕಾಯ್ದು ವಾಸನೆ ಬಂದರೆ ಅದನ್ನು ಬದಲಿಸಿರಿ. ಎಲ್‌ಇಡಿ ಪಟ್ಟಿದೀಪ ಹಾಕಿದರೆ ಹಳೆಯ ಚೋಕೂ ಬೇಡ, ಸ್ಟಾರ್ಟರೂ ಬೇಡ.

2. ಎಲ್‌ಇಡಿ ಬಲ್ಬು: ಬೆಳಕು ಏರಿಸಿ ಇಳಿಸುವ ಗುಂಡಿಗೆ ಸಾದಾ ಎಲ್‌ಇಡಿ ಜೋಡಿಸಿದರೆ ಅದು ಗುಣುಗುಟ್ಟುವದು, ಮಿಣುಕುವದು. ಅದಕ್ಕೆ ಸಾದಾ ಸ್ವಿಚ್ಚೇ ಸಾಕು. ಸ್ವಿಚ್ ತೆಗೆದ ಮೇಲೂ ಬಲ್ಬು ಮಿಣಮಿಣ ಉರಿದರೆ ಸ್ವಿಚ್ಚಿನಲ್ಲಿ ಪುಟ್ಟ ಸೂಚನಾದೀಪ ಇರಬಹುದು. ಇಲ್ಲವೆ ಸ್ವಿಚ್ಚನ್ನು ಫೇಸ್ ತಂತಿಗೆ ಹಾಕದೆ ನ್ಯೂಟ್ರಲ್ ತಂತಿಗೆ ಹಾಕಿರಬಹುದು. ಎರಡನೆಯದು ಘಾತಕ: ದೀಪ ಆರಿದರೂ ಹೋಲ್ಡರಿನಲ್ಲಿ ವಿದ್ಯುತ್ತು ಇದ್ದೇ ಇರುವದು. ವಾಯರಮನ್‌ನಿಂದ ಸರಿಪಡಿಸಿಕೊಳ್ಳಿರಿ.

3. ಪಂಖಾ: ಕಟಕಟ ಸದ್ದಿಗೆ ಎಲೆಗಳ ತಿರುಪು, ಮೇಲಿನ ಬಟ್ಟಲು, ಕೊಕ್ಕೆಯ ರಬ್ಬರು ನೋಡಿರಿ. ನೆತ್ತಿಯ ಮೇಲೆ ತೂಗುವ ವಸ್ತು ಅದು. ಬೋಲ್ಟಿನ ಸೀಳುಪಿನ್ನು ಇದೆಯೋ ಇಲ್ಲವೋ ಎಂಬುದನ್ನು ಮರೆಯದೆ ಪರೀಕ್ಷಿಸಿರಿ. ಗರಗರ ಎಂದರೆ ಬೇರಿಂಗ್ ಸವೆದಿದೆ. ಗುಂಯ್ ಎಂದು ನಿಧಾನವಾಗಿ ತಿರುಗಿದರೆ, ಕೈಯಿಂದ ನೂಕಿದಾಗಷ್ಟೇ ಎದ್ದರೆ, ಕಂಡೆನ್ಸರ ಸತ್ತಿರುವ ಸಂಭವ ಹೆಚ್ಚು. ಹಳೆಯದರ ಮೇಲೆ ಬರೆದ ಅಂಕಿ, ಬಹುಧಾ 2.5, ನೋಡಿ ಅದೇ ಅಳತೆಯದನ್ನು ತನ್ನಿರಿ. ಕಡಿಮೆ ವೇಗದಲ್ಲಿ ಮಾತ್ರ ಗುಣುಗಿದರೆ ತಪ್ಪು ಎಲೆಕ್ಟ್ರಾನಿಕ್ ರೆಗ್ಯುಲೇಟರಿನದು. ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಕಂಡೆನ್ಸರ ರೆಗ್ಯುಲೇಟರು ಸದ್ದು ಮಾಡದು. ರಿಮೋಟಿನಿಂದ ನಡೆಯುವ ಬಿಎಲ್‌ಡಿಸಿ ಪಂಖಕ್ಕೆ ಹಳೆಯ ರೆಗ್ಯುಲೇಟರು ಬೇಡವೇ ಬೇಡ.

4. ಇನ್ವರ್ಟರ: ಲೈನ್ ಹೋಗಿ ಬ್ಯಾಟರಿಯ ಮೇಲೆ ನಡೆಯುವಾಗ ಮಾತ್ರ ಪಂಖಾ ಗುಣುಗಿದರೆ ಪಂಖವನ್ನು ಬಿಚ್ಚಬೇಡಿರಿ. ಅಗ್ಗದ ಇನ್ವರ್ಟರು ಕೊಡುವ ಚೌಕು ಅಲೆಯೇ ಅದಕ್ಕೆ ಕಾರಣ. ಆ ಅಲೆಯಿಂದ ಪಂಖಾ ಹೆಚ್ಚು ಕಾಯುವದು. ಮುಂದೆ ಕೊಳ್ಳುವಾಗ ‘ಸೈನ್ ವೇವ್’ ಎಂದು ಬರೆದದ್ದನ್ನು ಕೇಳಿ ತನ್ನಿರಿ.

ಇನ್ನು ಎಲ್ಲಕ್ಕೂ ದೊಡ್ಡ ಮಾತು. ಒಮ್ಮೆಲೇ ದೀಪಗಳು ಝಗ್ ಎಂದು ಉರಿದು, ಪಂಖಾ ಹುಯ್ಯೆಂದು ಓಡಿ, ಅದೇ ಹೊತ್ತಿಗೆ ನೆರೆಮನೆಯ ದೀಪ ಮಂದವಾದರೆ, ಹೊರಗಿನ ಲೈನಿನಲ್ಲಿ ನ್ಯೂಟ್ರಲ್ ತಂತಿ ಕಡಿದಿದೆ ಎಂದು ತಿಳಿಯಿರಿ. ನೊಗದ ನಡುವಿನ ಗೂಟ ಕಿತ್ತರೆ ಭಾರವೆಲ್ಲ ಒಂದು ಎತ್ತಿನ ಹೆಗಲಿಗೆ ಜಾರುವದಿಲ್ಲವೆ? ಹಾಗೆಯೇ ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಇರುವಲ್ಲಿ, ನ್ಯೂಟ್ರಲ್ ಹೋದಾಗ ಎರಡು ಫೇಸುಗಳ ನಡುವಿನ 400 ವೋಲ್ಟು ಮನೆಮನೆಗಳಿಗೆ ಅಸಮವಾಗಿ ಹಂಚಿಹೋಗುವದು. ಕಡಿಮೆ ವಿದ್ಯುತ್ತು ಬಳಸುವ ಮನೆಗೇ ಹೆಚ್ಚಿನ ವೋಲ್ಟ್ ಬೀಳುವದು. ಟಿವಿ, ಮೊಬೈಲ್ ಚಾರ್ಜರು ಸುಟ್ಟುಹೋಗುವವು, ಬೆಂಕಿಯೂ ಬೀಳಬಹುದು.

ಆಗ ಒಂದೊಂದೇ ಸ್ವಿಚ್ ತೆಗೆಯುತ್ತ ಕೂಡ್ರಬೇಡಿರಿ. ಮೊದಲು ಮೇನ್ ಸ್ವಿಚ್ ತೆಗೆದು ನೆರೆಯವರಿಗೂ ಕೂಗಿ ಹೇಳಿರಿ. ಬಳಿಕ 1912ಕ್ಕೆ ಫೋನು ಮಾಡಿರಿ. ಮರಾಠಿಯಲ್ಲಿ “ನ್ಯೂಟ್ರಲಚೀ ವಾಯರ ತುಟಲೀ ಆಹೇ” ಎಂದರೆ ಸಾಕು. ಕಂಬ ಹತ್ತುವ ಸಾಹಸ ಯಾರೂ ಮಾಡಕೂಡದು. ಅದು ಲೈನ್‌ಮನ್‌ನ ಕೆಲಸ.

ಸ್ವಿಚ್ಚು ಚಿಟಿಚಿಟಿ ಎಂದರೆ, ಅದರ ಸುತ್ತ ಕರಕಲು ವಾಸನೆ ಬಂದರೆ ಅದೂ ಸಡಿಲು ಜೋಡಣೆಯೇ, ಅಂದೇ ಸರಿಪಡಿಸಬೇಕು. ಮನೆಗೂ ದನದ ಕೊಟ್ಟಿಗೆಗೂ ಒಳ್ಳೆಯ ಅರ್ಥಿಂಗ್ ಇರಲಿ. 30 ಮಿಲಿ ಆಂಪಿಯರಿಗೆ ಕಡಿಯುವ ಆರ್‌ಸಿಸಿಬಿ ಹಾಕಿಸಿದರೆ ಶಾಕ್ ತಗುಲಿದಾಗ ಅದು ಕಣ್ಣು ಮುಚ್ಚುವದರೊಳಗೆ ಲೈನ್ ಕಡಿಯುವದು. ಆದರೆ ನ್ಯೂಟ್ರಲ್ ಹೋದಾಗ ಏರುವ ವೋಲ್ಟನ್ನು ಅದು ತಡೆಯದು. ಅದಕ್ಕೆ ನಿಮ್ಮ ಕಿವಿಯೇ ಮೊದಲ ಕಾವಲುಗಾರ. ಮನೆಯ ಹೆಣ್ಣುಮಕ್ಕಳಿಗೂ ಹುಡುಗರಿಗೂ ಮೇನ್ ಸ್ವಿಚ್ ಎಲ್ಲಿದೆ ಎಂಬುದನ್ನು ಇಂದೇ ತೋರಿಸಿ ಇಡಿರಿ.