ನೆಟ್ಟದ್ದು ನೂರಿಪ್ಪತ್ತು, ಉಳಿದದ್ದು ಮೂವತ್ತೊಂದು

ನಮ್ಮ ಊರಿನ ಹೆಸರಿನಲ್ಲಿ ಮಾವಿದೆ, ಊರಿನಲ್ಲಿ ಅಷ್ಟಾಗಿ ಇಲ್ಲ. ಭಟ್ಕಳ ಪೇಟೆಯಿಂದ ಬಂದರಿನ ರಸ್ತೆ ಹಿಡಿದು ಬಂದರೆ ಮಾವಿನಕುರ್ವೆ. ಧಕ್ಕೆ, ಮೀನಿನ ಲಾರಿ, ಒಂದರ ಮೈಗೊಂದು ತಾಗಿದ ಮನೆಗಳು, ಶರಾಬಿ ಹೊಳೆ, ಆಚೆಗೆ ಸಮುದ್ರ. ಕುರ್ವೆ ಅಂದರೆ ನೀರು ಸುತ್ತಿಕೊಂಡ ನೆಲ. ಕುಂದಾಪುರದ ಕಡೆಯವರು ಕುದ್ರು ಅನ್ನುವುದು ಇದನ್ನೇ. ಕುಮಟಾದ ಅಘನಾಶಿನಿಯಲ್ಲಿ ಐಗಳಕುರ್ವೆ ಇದೆ. ಹೊನ್ನಾವರದ ಶರಾವತಿಯಲ್ಲಿ ನಮ್ಮದೇ ಹೆಸರಿನ ಇನ್ನೊಂದು ಮಾವಿನಕುರ್ವೆ ಇದೆ. ಈ ಹೆಸರಿನ ಜೋಡಿ ಎಷ್ಟು ಕಾಟ ಕೊಡಬಲ್ಲದು ಎಂದು ತಿಳಿದದ್ದು ಗಿಡಕ್ಕೆ ಅರ್ಜಿ ಹಾಕಿದ ಮೇಲೆ. ತಾಲ್ಲೂಕು ಬರೆಯದೆ ಕೊಟ್ಟ ನಮ್ಮ ಒಂದು ಕಾಗದ ಯಾವುದೋ ಕಚೇರಿಯಿಂದ ಶರಾವತಿಯ ಮಾವಿನಕುರ್ವೆಗೆ ಹೋಗಿ ಸುತ್ತಾಡಿ ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ತಪ್ಪು ನನ್ನದೇ. ಮೂವತ್ತು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿ, ವಿಳಾಸ ಪೂರ್ತಿ ಬರೆಯದವರ ಅಂಕ ಕಳೆದವಳು ನಾನು.

2018ರಲ್ಲಿ ನಿವೃತ್ತಿಯಾಯಿತು. ಅಷ್ಟೊತ್ತಿಗೆ ಗೋವಾ ಗಡಿಯಿಂದ ಕುಂದಾಪುರದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥ ಕೆಲಸ ಜೋರಾಗಿ ನಡೆದಿತ್ತು. ಕುಮಟಾ, ಹೊನ್ನಾವರ, ಭಟ್ಕಳದ ದಾರಿಬದಿಯ ಹಳೆಯ ಮರಗಳು ಒಂದೊಂದಾಗಿ ಹೋದವು. ಮರದ ಬುಡದಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಮೀನಿನ ಹೆಂಗಸರು ಬಣ್ಣದ ಕೊಡೆ ಬಿಡಿಸಿ ಕೂತರು. ಅದನ್ನು ನೋಡಿಯೇ ನಾವು ಏಳು ಜನ ಸೇರಿದ್ದು: ಸ್ವಸಹಾಯ ಸಂಘದ ನಾಲ್ವರು ಹೆಂಗಸರು, ಬಲೆ ಹೆಣೆಯುವ ಒಬ್ಬ ಅಜ್ಜ, ಮೊಬೈಲ್ ಅಂಗಡಿಯ ಒಬ್ಬ ಹುಡುಗ, ನಾನು. 2019ರ ಜೂನ್ 5ಕ್ಕೆ ರಸ್ತೆಬದಿಯಲ್ಲಿ 120 ಗಿಡ ನೆಟ್ಟೆವು. ಮರುವರ್ಷ ಅದೇ ದಿನ ಎಣಿಸಿದಾಗ 31 ಇದ್ದವು.

ಸತ್ತ 89ರ ಲೆಕ್ಕ ನನ್ನ ಹಳೆಯ ಹಾಜರಿ ಪುಸ್ತಕದಲ್ಲಿದೆ. ಗಿಡದ ನಂಬರು, ಜಾತಿ, ಗೈರುಹಾಜರಾದ ತಿಂಗಳು, ಕಾರಣ. ಈ ಏಳು ವರ್ಷದಲ್ಲಿ ನಾನು ಏನಾದರೂ ಕಲಿತಿದ್ದರೆ ಆ ಪುಟಗಳಿಂದ.

ಮೊದಲು ತಾರೀಕಿನ ವಿಚಾರ. ಪರಿಸರ ದಿನಕ್ಕೆ ಜೂನ್ 5 ಬಂದದ್ದು 1972ರ ಸ್ಟಾಕ್‌ಹೋಮ್ ಸಮ್ಮೇಳನದಿಂದ. ನಮ್ಮ ಮಳೆಗೂ ಅದಕ್ಕೂ ಸಂಬಂಧವಿಲ್ಲ. ಮಿರ್ಗದ ಮಳೆ ಹುಟ್ಟುವುದೇ ಜೂನ್ 7-8ಕ್ಕೆ. ಆ ವರ್ಷ ಭಾಷಣ ಮುಗಿಸಿ ಗಿಡ ಇಟ್ಟಾಗ ಹೊಯಿಗೆ ಇನ್ನೂ ಸುಡುತ್ತಿತ್ತು. ಈಗ ನಾವು ಆರಿದ್ರೆ ಕಾಲಿಟ್ಟ ಮೇಲೆ, ಅಂದರೆ ಜೂನ್ 22ರ ನಂತರ, ಎರಡು ದಿನ ಬಿಡದೆ ಸುರಿದ ಮೇಲೇ ಗುಂಡಿಗೆ ಕೈ ಹಾಕುವುದು. 1950ರಲ್ಲಿ ಕೆ.ಎಂ. ಮುನ್ಶಿಯವರು ಶುರು ಮಾಡಿದ ವನಮಹೋತ್ಸವ ಜುಲೈ ಮೊದಲ ವಾರದ್ದು; ಕರಾವಳಿಗೆ ಅದೇ ಸರಿ. ಜೂನ್ 5ಕ್ಕೆ ಯಾರಾದರೂ ಬ್ಯಾನರ್ ಹಿಡಿದು ಬಂದರೆ ಅವರ ಕೈಯಲ್ಲಿ ಗುಂಡಿ ತೋಡಿಸುತ್ತೇವೆ. ಫೋಟೊ ಚೆನ್ನಾಗಿಯೇ ಬರುತ್ತದೆ.

ಇನ್ನು ದುಡ್ಡಿನ ಮಾತು. ಗಿಡ ಬೆಳೆಸಲು ಸರ್ಕಾರದಲ್ಲಿ ಹಣ ಇಲ್ಲ ಅನ್ನುವುದು ಸುಳ್ಳು. ಇದೆ, ನಮ್ಮಂಥ ಊರಿಗೆ ಅದರ ಅಳತೆ ಹೊಂದುವುದಿಲ್ಲ. ಮಾವಿನಕುರ್ವೆ ನೋಡುವುದಕ್ಕೆ ಪೇಟೆ, ಕಾಗದದಲ್ಲಿ ಗ್ರಾಮ ಪಂಚಾಯಿತಿ. 2020ರಲ್ಲಿ ಕೇಂದ್ರ ಸರ್ಕಾರ ‘ನಗರ ವನ’ ಯೋಜನೆ ತಂದಾಗ ಮೊಬೈಲ್ ಅಂಗಡಿ ಹುಡುಗ ಕುಣಿದಾಡಿಕೊಂಡು ಬಂದ: “ಅಕ್ಕೋರೇ, ಹೆಕ್ಟೇರಿಗೆ 4 ಲಕ್ಷ!” ಓದಿ ನೋಡಿದರೆ ನಗರ ವನಕ್ಕೆ ಕನಿಷ್ಠ 10 ಹೆಕ್ಟೇರ್ ಬೇಕು, ಅದರ ತಂಗಿ ‘ನಗರ ವಾಟಿಕೆ’ಗೂ 1 ಹೆಕ್ಟೇರ್ ಬೇಕು. ಎರಡೂವರೆ ಎಕರೆ ಖಾಲಿ ಜಾಗ ನಮ್ಮಲ್ಲಿ ಇರುವುದು ಸಮುದ್ರದ ಮೇಲೆ ಮಾತ್ರ. ಆ ಹಣ ಬರುವುದು ಕ್ಯಾಂಪಾ ನಿಧಿಯಿಂದ, ಅಂದರೆ ಎಲ್ಲೋ ಕಾಡು ಕಡಿಯಲು ಅನುಮತಿ ಪಡೆದವರು ಕಟ್ಟಿದ ಪರಿಹಾರದಿಂದ. ಸಿಕ್ಕಿದ್ದರೆ ಬೇಡ ಅನ್ನುತ್ತಿರಲಿಲ್ಲ, ನಿಜ ಹೇಳುತ್ತೇನೆ.

ಪಂಚಾಯಿತಿಯ ಬಾಗಿಲು ಉದ್ಯೋಗ ಖಾತರಿಯಾಗಿತ್ತು. ಸಾಮಾಜಿಕ ಅರಣ್ಯ ವಿಭಾಗದವರು ಅದರಲ್ಲಿ ರಸ್ತೆಬದಿ ನೆಡುತೋಪು ಮಾಡುತ್ತಿದ್ದರು. ನಾವು ಮೇ ತಿಂಗಳಲ್ಲಿ ಕೇಳಲು ಹೋದೆವು. ಕ್ರಿಯಾ ಯೋಜನೆ ಆಗಲೇ ಮುಗಿದಿತ್ತು. ಮುಂದಿನ ಸಾಲಿನ ಪಟ್ಟಿ ಶುರುವಾಗುತ್ತಿದ್ದದ್ದು ಅಕ್ಟೋಬರ್ 2ರ ಆಸುಪಾಸಿನ ಗ್ರಾಮಸಭೆಯಲ್ಲಿ. ಜೂನಿನ ಗಿಡಕ್ಕೆ ಹಿಂದಿನ ಅಕ್ಟೋಬರಿನಲ್ಲೇ ಎದ್ದು ನಿಂತು ಹೇಳಬೇಕಿತ್ತು. ಮರುವರ್ಷ ಹೇಳಿದೆವು, ಮಂಜೂರೂ ಆಯಿತು. ಆದರೆ ಕೆಲಸಕ್ಕೆ ಜನ? ಕೂಲಿ ಏರುತ್ತ ಏರುತ್ತ 2024-25ರಲ್ಲಿ ದಿನಕ್ಕೆ 349 ರೂಪಾಯಿ ಆದಾಗಲೂ, ಬೋಟ್ ಬಂದ ದಿನ ಧಕ್ಕೆಯಲ್ಲಿ ಅರ್ಧ ಹೊತ್ತಿಗೆ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. ಬೋಟ್ ಕೆಲಸ ನಿಂತಿರುವ ಜೂನ್-ಜುಲೈಯ ಎರಡು ತಿಂಗಳು ಮಾತ್ರ ಜಾಬ್ ಕಾರ್ಡ್ ಕಪಾಟಿನಿಂದ ಹೊರಗೆ ಬರುತ್ತಿತ್ತು. ನಮ್ಮ ಪುಣ್ಯಕ್ಕೆ ನೆಡುವ ಕಾಲವೂ ಅದೇ.

ನನಗೆ ಮೆಚ್ಚಿಗೆಯಾದದ್ದು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. 2011-12ರಿಂದ ಇದೆ. ನರ್ಸರಿಯಿಂದ ರಿಯಾಯಿತಿ ದರದಲ್ಲಿ ಗಿಡ ಒಯ್ದು ನೆಟ್ಟರೆ, ಬದುಕಿದ ಗಿಡವನ್ನು ಅವರೇ ಬಂದು ಎಣಿಸಿ ಮೂರು ವರ್ಷ ಹಣ ಹಾಕುತ್ತಾರೆ. ಮೊದಲು ಗಿಡಕ್ಕೆ ಒಟ್ಟು 45 ರೂಪಾಯಿ ಇತ್ತು, ಆಮೇಲೆ 100, ಅದಾದ ಮೇಲೆ 125. ನೆಟ್ಟದ್ದಕ್ಕಲ್ಲ, ಉಳಿಸಿದ್ದಕ್ಕೆ ದುಡ್ಡು ಎಂಬ ಈ ಒಂದು ಮಾತು ಬೇರೆ ಯಾವ ಯೋಜನೆಯ ಬಾಯಲ್ಲೂ ನಾನು ಕೇಳಿಲ್ಲ. ತೊಡಕೆಂದರೆ ಅದಕ್ಕೆ ಪಹಣಿ ಬೇಕು. ರಸ್ತೆಬದಿಗೆ ಎಲ್ಲಿಯ ಪಹಣಿ? ಹಾಗಾಗಿ ನಮ್ಮ ಯೋಚನೆಯನ್ನೇ ಬದಲಿಸಿದೆವು. ಹಿತ್ತಿಲು ಇರುವ ಮನೆಗಳವರಿಗೆ ಪಹಣಿ, ಪಾಸ್‌ಬುಕ್, ಫೋಟೊ ಜೋಡಿಸಿ ಅರ್ಜಿ ತುಂಬಿಕೊಟ್ಟೆವು; ಬೇಲಿಯ ಒಳಗೆ ನೆಡಿ, ನೆರಳು ಹೊರಗೆ ಬೀಳಲಿ ಎಂದೆವು. ಈಗ ನಮ್ಮ ಓಣಿಯ ಒಳ್ಳೆಯ ನೆರಳೆಲ್ಲ ಖಾಸಗಿ ಬೇಲಿಯೊಳಗಿನ ಹಲಸು, ಮುರುಗಲು, ನೇರಳೆಯದು.

ನರ್ಸರಿಯಲ್ಲಿ ಇನ್ನೊಂದು ತಪ್ಪು ಮಾಡಿದ್ದೆವು. ಸಸ್ತಾ ಎಂದು ಆರು-ಒಂಬತ್ತು ಇಂಚಿನ ಚೀಲದ ಗಿಡ ತಂದದ್ದು. ಹಿತ್ತಿಲಿಗೆ ಅದು ಸಾಕು. ರಸ್ತೆಬದಿಗೆ ಸೊಂಟದೆತ್ತರ ದಾಟಿದ ದೊಡ್ಡ ಚೀಲದ ಗಿಡವೇ ಬೇಕು. ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ.

ಶಾಲೆಗಳಿಗೆಂದು ‘ಮಗುವಿಗೊಂದು ಮರ, ಶಾಲೆಗೊಂದು ವನ’ ಇತ್ತು. ಹೆಸರು ಎಷ್ಟು ಚೆಂದ! ಆದರೆ ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ಬೀಗ, ತೆರೆಯುವುದು ಮೇ ಕೊನೆಗೆ. ಗಿಡ ಸಾಯುವುದೂ ಸರಿಯಾಗಿ ಆ ಏಳು ವಾರದಲ್ಲೇ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಪ್ರತಿ ಜೂನ್‌ಗೂ ಅದೇ ಗುಂಡಿಯಲ್ಲಿ ಹೊಸ ಗಿಡ ನೆಡಿಸುತ್ತಿದ್ದೆ, ಹಳೆಯದು ಏನಾಯಿತು ಎಂದು ಒಂದು ಮಗುವೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಸೀಮೆ ಇದು. ಆದರೂ ಹಾಜರಿ ಪುಸ್ತಕದಲ್ಲಿ 34 ಗಿಡದ ಮುಂದೆ ‘ನೀರಿಲ್ಲದೆ’ ಎಂದಿದೆ. ಹೊಯಿಗೆ ನೆಲ ನೀರು ಹಿಡಿಯುವುದಿಲ್ಲ, ಮಾರ್ಚ್ ಬಂದರೆ ಬಾವಿ ನೀರು ಸವಳಾಗುತ್ತದೆ. ಗುಂಡಿಯ ತಳಕ್ಕೆ ತೆಂಗಿನ ಸಿಪ್ಪೆಯನ್ನು ಅಂಗಾತವಾಗಿ ಎರಡು ಸಾಲು ಹಾಸಿ ಮೇಲೆ ಕೆರೆಯ ಗೋಡು ತುಂಬಿದರೆ ತೇವ ನಿಲ್ಲುತ್ತದೆ ಎಂದು ಹೇಳಿಕೊಟ್ಟದ್ದು ಮಲ್ಲಿಗೆ ಬೆಳೆಯುವ ಒಬ್ಬ ಅಕ್ಕ. ಬೇಸಿಗೆಯ ನೀರಿಗೆ ದಾರಿ ಸಿಕ್ಕಿದ್ದು ಮಸೀದಿಯಲ್ಲಿ. ನಮಾಜಿಗೆ ಮುಂಚೆ ವಜೂ ಮಾಡಿದ ನೀರು ಚರಂಡಿಗೆ ಹೋಗುತ್ತಿತ್ತು. ಸೋಪಿಲ್ಲ, ಉಪ್ಪಿಲ್ಲ, ದಿನಕ್ಕೆ ಐದು ಸಲ. ಕೇಳಿದ್ದೇ ತಡ, ಅವರೇ ಪೈಪ್ ಎಳೆಸಿ ಎಂಟು ಗಿಡಕ್ಕೆ ಮುಟ್ಟಿಸಿದರು. ಎಂಟೂ ಬದುಕಿವೆ. ದುಬೈಯಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿ ಉಳಿದವಕ್ಕೆ ಟ್ಯಾಂಕರ್ ಖರ್ಚು ಕೊಡುತ್ತೇನೆ, ಹೆಸರಿನ ಬೋರ್ಡು ಹಾಕಿಸಿ ಎಂದ. ಬೋರ್ಡಿನ ಅಂದಾಜು ಕೇಳಿದರೆ ಒಂದು ಬೇಸಿಗೆಯ ನೀರಿನಷ್ಟಾಯಿತು. ಬೋರ್ಡಿಲ್ಲದೆ ಕೊಡುವೆಯಾ ಎಂದೆ. ಎರಡು ದಿನ ಉತ್ತರವಿರಲಿಲ್ಲ, ಮೂರನೇ ದಿನ ಹಣ ಬಂತು.

ನಗೆಪಾಟಲಾದ ಕಥೆಯನ್ನೂ ಹೇಳಬೇಕು. ಮೀನೂರಿನಲ್ಲಿ ಗೊಬ್ಬರಕ್ಕೆ ಬರವೇ ಎಂದು ಎರಡನೇ ವರ್ಷ ಗುಂಡಿಗೆ ಮೀನಿನ ತ್ಯಾಜ್ಯ ಹಾಕಿದೆವು. ರಾತ್ರಿ ಬೆಳಗಾಗುವುದರೊಳಗೆ ಊರಿನ ನಾಯಿಗಳು 11 ಗಿಡ ಕಿತ್ತು, ಗುಂಡಿ ನೆಕ್ಕಿ, ರಸ್ತೆಯಲ್ಲೇ ಮಲಗಿದ್ದವು. ದನ, ಆಡುಗಳ ಕಾಟಕ್ಕೆ ಕಬ್ಬಿಣದ ಟ್ರೀ ಗಾರ್ಡ್ ಹಾಕೋಣವೆಂದರೆ ಗಿಡದ ಹತ್ತಾರು ಪಟ್ಟು ಬೆಲೆ, ಜೊತೆಗೆ ಗುಜರಿಯವರ ಕಣ್ಣು. ಬಲೆ ಅಜ್ಜ ಹಳೆಯ ನೈಲಾನ್ ಬಲೆ ತಂದು ಮೂರು ಗೂಟಕ್ಕೆ ಸುತ್ತಿ, “ಇಷ್ಟಕ್ಕೆ ಎಂತಕ್ಕೆ ಕಬ್ಬಿಣ?” ಎಂದ. ಆಡು ಮೂತಿ ಹಾಕಿ ವಾಪಸು ಹೋಯಿತು. ನಾವು ಗೆದ್ದೆವು ಅಂದುಕೊಂಡೆವು. ಮಳೆ ಜೋರಾದ ವಾರ ಒಂದು ಕೇರೆ ಹಾವು ಬಲೆಯ ಬುಡಕ್ಕೆ ಸಿಕ್ಕಿ ಸತ್ತಿತ್ತು, ನೂಲು ಮೈಯೊಳಕ್ಕೆ ಇಳಿದಿತ್ತು. ಅಜ್ಜ ಅವತ್ತು ಊಟ ಮಾಡಲಿಲ್ಲವಂತೆ. ಅಂದಿನಿಂದ ಬಲೆ ನೆಲದಿಂದ ಒಂದು ಗೇಣು ಮೇಲೆ. ಕೆಳಗಿನ ಗೇಣಿಗೆ ಮುಳ್ಳಿನ ಕೊಂಬೆ.

ಯಾವ ಗಿಡ ಎಂಬುದನ್ನು ಕಡಲ ಗಾಳಿಯೇ ತೀರ್ಮಾನಿಸುತ್ತದೆ. ಗುಲ್‌ಮೊಹರ್, ಬಾದಾಮಿ ಎಂದು ಪಟ್ಟಿ ಮಾಡಿದ್ದೆ. ಉಪ್ಪುಗಾಳಿಗೆ ಮೊದಲ ಸಾಲಿನ ಎಲೆಗಳು ಸುಟ್ಟ ಕಾಗದದಂತಾದವು. ಬಾದಾಮಿ ತಡೆದುಕೊಂಡಿತು, ಗುಲ್‌ಮೊಹರ್ ಹೋಯಿತು. ಅಜ್ಜ ಹೇಳಿದ: “ಹೊನ್ನೆ ಹಾಕ್ಬೇಕಿತ್ತು ಅಕ್ಕೋರೇ. ಕಡಲ ಬಾಯಲ್ಲೇ ಬೆಳೀತದೆ ಅದು.” ಸುರಹೊನ್ನೆ. ಹಿಂದೆ ಅದರ ಬೀಜದ ಎಣ್ಣೆಯಲ್ಲಿ ದೀಪ ಉರಿಸುತ್ತಿದ್ದರು, ದೋಣಿಗೆ ಬಳಿಯುತ್ತಿದ್ದರು. ನಮ್ಮದೇ ಜಿಲ್ಲೆಯ ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಜೀವಮಾನವೆಲ್ಲ ಮಾಡಿದ್ದು ಇದೇ ಕೆಲಸ: ಒಳ್ಳೆಯ ತಾಯಿಮರ ಗುರುತಿಸಿ ಅದರ ಬೀಜ ಆಯುವುದು. ಪದ್ಮಶ್ರೀ ಬಂದಾಗ ಬರಿಗಾಲಲ್ಲಿ ಹೋಗಿ ತೆಗೆದುಕೊಂಡದ್ದನ್ನು ನಾಡೇ ನೋಡಿತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರನ್ನು ನೆನೆದು ನಾವು ಹೊನ್ನೆ ಬೀಜ ಆಯ್ದೆವು. ಬಾವಲಿಗಳು ತಿಂದು ಉದುರಿಸಿದ ಬೀಜವೇ ಸಾಕಷ್ಟಿತ್ತು. ಹಾಗೇ ಮಣ್ಣಿಗೆ ಹಾಕಿದವು ಮೊಳೆಯಲು ಎರಡು ತಿಂಗಳು ಹಿಡಿದವು. ಮೇಲಿನ ಗಟ್ಟಿ ಕವಚ ಒಡೆದು, ಒಳಗಿನ ತಿರುಳಿಗೆ ಪೆಟ್ಟಾಗದಂತೆ ಬಿಡಿಸಿ ಹಾಕಿದವು ಮೂರು ವಾರಕ್ಕೆ ಎದ್ದವು. ಅರಣ್ಯ ಇಲಾಖೆಗೆ ಅರ್ಜಿಯಿಲ್ಲ, ಖರ್ಚಿಲ್ಲ. ಹಾಲಿನ ಪ್ಯಾಕೆಟ್ಟೇ ಚೀಲ.

ಕಾರ್ಯಕ್ರಮಗಳ ಬಗ್ಗೆ ನನ್ನ ಮನಸ್ಸು ಬದಲಾದದ್ದು ಬೆಂಗಳೂರಿನಲ್ಲಿ, ಮಗಳ ಮನೆಗೆ ಹೋದಾಗ. ಅಲ್ಲಿ 2014ರಿಂದ ‘ನೆರಳು’ ಎಂಬ ಮರದ ಹಬ್ಬವನ್ನು ಜನರೇ ಸೇರಿ ನಡೆಸಿದ್ದಾರೆ; ಇದ್ದ ಮರದ ಕೆಳಗೆ ನಡೆದು, ಅದರ ಹೆಸರು, ಕಥೆ ಕೇಳುವುದು. ನಾವೂ ಏಪ್ರಿಲಿನ ಒಂದು ಸಂಜೆ ಮಾವಿನಕುರ್ವೆಯಲ್ಲಿ ನಡೆದೆವು. ನೋಟಿಸು ಕೊಟ್ಟದ್ದು ಒಂದೇ ಸಾಲು: ಬರುವಾಗ ಒಂದು ಕೊಡ ನೀರು ತನ್ನಿ. ಗಿಡ ನೆಡುವ ದಿನಕ್ಕೆ ಅರವತ್ತು ಜನ ಬರುತ್ತಿದ್ದರು, ಇದಕ್ಕೆ ಹತ್ತೊಂಬತ್ತು ಜನ ಬಂದರು. ಆ ಹತ್ತೊಂಬತ್ತರಲ್ಲಿ ಹನ್ನೆರಡು ಮಂದಿ ಈಗಲೂ ಬರುತ್ತಾರೆ. ಯಾವ ಮರದ ಬುಡದಲ್ಲಿ ಯಾರ ಬಲೆ ಒಣಗುತ್ತಿತ್ತು, ಯಾವುದಕ್ಕೆ ದೋಣಿ ಕಟ್ಟುತ್ತಿದ್ದರು ಎಂದು ಮುದುಕಿಯರು ಹೇಳಿದ್ದನ್ನು ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ದಾಖಲೆಗೆ ಸೇರಿಸಿ ಎಂದು ಬರೆದುಕೊಟ್ಟಿದ್ದೇನೆ. 2002ರ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಅಂಥ ಸಮಿತಿ ಇರಬೇಕು. ಕೇಳಿದರೆ ಫೈಲು ಹುಡುಕುತ್ತಾರೆ.

ಇನ್ನೊಂದು ಕಾಯ್ದೆಯನ್ನು ತಡವಾಗಿ ಓದಿದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. 50ಕ್ಕಿಂತ ಹೆಚ್ಚು ಮರವಾದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ತೆಂಗು, ಗಾಳಿಮರದಂಥ ಕೆಲವಕ್ಕೆ ವಿನಾಯಿತಿ. ನಮ್ಮಲ್ಲಿ ಬೀಳುವುದು ಒಂದು, ಎರಡು, ಮೂರು. ಯಾರೂ ಆಕ್ಷೇಪಣೆ ಕರೆಯುವುದಿಲ್ಲ. ಆದ್ದರಿಂದ ಮರ ನಿಂತಿರುವಾಗಲೇ ಅದರ ಸುತ್ತಳತೆ, ಫೋಟೊ, ಜಾಗದ ಗುರುತು ಬರೆದು ಕಚೇರಿಗೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಬಿದ್ದ ಮೇಲೆ ಬರೆದ ಅರ್ಜಿ ಸಂತಾಪಸೂಚನೆಯಷ್ಟೆ.

ಹೋದ ವಾರ ಲೈನ್‌ಮನ್ ಒಬ್ಬರು ಬಂದು, ಬಂದರು ರಸ್ತೆಯ ವಿದ್ಯುತ್ ಕಂಬಗಳನ್ನು ಈಚೆ ಬದಿಗೆ ಸರಿಸುವ ಮಾತಿದೆ ಎಂದು ಹೇಳಿಹೋದರು. ಈಚೆ ಬದಿಯಲ್ಲಿ ನಮ್ಮ ಮೂರು ಹೊನ್ನೆ ಇವೆ, ತಲೆ ಎತ್ತರ ದಾಟಿವೆ. ಹುಡುಗ ಮೊಬೈಲಿನಲ್ಲಿ ಫೋಟೊ ತೆಗೆದಾಗಿದೆ. ಅರ್ಜಿಯ ತಲೆಯಲ್ಲಿ ‘ಮಾವಿನಕುರ್ವೆ, ಭಟ್ಕಳ ತಾಲ್ಲೂಕು’ ಎಂದು ಎರಡು ಗೆರೆ ಎಳೆದು ಬರೆದಿಟ್ಟಿದ್ದೇನೆ. ಸೋಮವಾರ ಟೇಪು ಹಿಡಿದು ಹೋಗಬೇಕು.