ಬ್ರೇಕಿನ ದೋಷವೂ ಕಂಪನಿಯ ಕರೆಯೂ

ಹಾಲು, ತರಕಾರಿ ಸಾಗಿಸಲು ಈಗ ಅನೇಕ ರೈತರು ಸ್ವಂತ ವಾಹನ ಇಟ್ಟುಕೊಂಡಿದ್ದಾರೆ. ಬ್ರೇಕು ಸರಿಯಾಗಿ ಹಿಡಿಯದಿದ್ದಾಗ ಕಾರಣವನ್ನು ಮೊದಲು ತಿಳಿಯಬೇಕು. ಲೈನಿಂಗ್ ಸವೆಯುವುದು ಬಳಕೆಯಿಂದ. ಅದನ್ನು ಮಾಲೀಕರೇ ಕಾಲಕಾಲಕ್ಕೆ ಬದಲಾಯಿಸಬೇಕು. ಆದರೆ ಒಂದೇ ಅವಧಿಯಲ್ಲಿ ತಯಾರಾದ ಅನೇಕ ವಾಹನಗಳಲ್ಲಿ ಒಂದೇ ಭಾಗ ಕೆಟ್ಟದ್ದಾಗಿದ್ದರೆ ಅದು ತಯಾರಿಕೆಯ ದೋಷ. ಅಂಥ ವಾಹನಗಳನ್ನು ಕಂಪನಿಯು ಹಿಂದಕ್ಕೆ ಕರೆಸಿ ಸರಿಪಡಿಸುವುದಕ್ಕೆ ‘ರೀಕಾಲ್’ ಎನ್ನುತ್ತಾರೆ.

ಉದಾಹರಣೆಗೆ, 2022ರ ಅಕ್ಟೋಬರಿನಲ್ಲಿ ಮಾರುತಿ ಸುಜುಕಿ ಕಂಪನಿಯು ವ್ಯಾಗನ್ ಆರ್, ಸೆಲೆರಿಯೊ ಮತ್ತು ಇಗ್ನಿಸ್ ಮಾದರಿಯ 9,925 ಕಾರುಗಳನ್ನು ಕರೆಸಿತು. ಇವು ಆ ವರ್ಷದ ಆಗಸ್ಟ್ 3ರಿಂದ ಸೆಪ್ಟೆಂಬರ್ 1ರ ನಡುವೆ ತಯಾರಾದವು. ಹಿಂದಿನ ಬ್ರೇಕಿನ ಜೋಡಣೆಯಲ್ಲಿನ ಪಿನ್ನು ಮುರಿಯುವ ಸಂಭವವಿತ್ತು. ಪರೀಕ್ಷೆ, ಬದಲಾವಣೆ ಎರಡೂ ಉಚಿತವಾಗಿದ್ದವು.

ದೋಷವುಳ್ಳ ವಾಹನಗಳನ್ನು ಕರೆಸುವಂತೆ ಕಂಪನಿಗೆ ಆದೇಶಿಸುವ ಅಧಿಕಾರವನ್ನು 2019ರ ತಿದ್ದುಪಡಿಯು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಇದು ಮೋಟಾರು ವಾಹನ ಕಾಯ್ದೆಯ 110ಎ ಕಲಮು.

ಹಳೆಯ ವಾಹನ ಕೊಂಡವರು ವಿಶೇಷ ಎಚ್ಚರ ವಹಿಸಬೇಕು. ದಾಖಲೆಯಲ್ಲಿ ಹಿಂದಿನ ಮಾಲೀಕರ ಹೆಸರೇ ಉಳಿದಿದ್ದರೆ ಕಂಪನಿಯ ಸೂಚನೆ ಅವರಿಗೇ ಹೋದೀತು. ಆದ್ದರಿಂದ:

1. ಆರ್.ಸಿ.ಯನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು.
2. ಅದರಲ್ಲಿರುವ ಚಾಸಿ ಸಂಖ್ಯೆಯನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಕೊಟ್ಟು, ಬಾಕಿ ಉಳಿದ ಕರೆ ಇದೆಯೇ ಎಂದು ವಿಚಾರಿಸಬೇಕು.
3. ದೋಷವಿದೆಯೆಂದು ತಿಳಿದ ಮೇಲೆ ಹೊರೆ ಹೇರಿ ಓಡಿಸಬಾರದು. ದುರಸ್ತಿಯ ರಸೀದಿಯನ್ನು ಜೋಪಾನವಾಗಿಡಬೇಕು.

ಸುಗ್ಗಿ ಮುಗಿಯಲೆಂದು ಕಾಯುವುದು ತರವಲ್ಲ. ಹೊರೆ ಹೇರಿದ ವಾಹನಕ್ಕೆ ಇಳಿಜಾರಿನಲ್ಲಿ ಬ್ರೇಕೇ ಆಸರೆ.