ವಾಲಿಬಾಲ್ ಆಟಗಾರನ ನೆಗೆತ ಮತ್ತು ಪ್ಲೈಯೊಮೆಟ್ರಿಕ್ ವ್ಯಾಯಾಮ

ವಾಲಿಬಾಲ್ ಅಂಕಣದ ನಡುವೆ ಕಟ್ಟಿದ ನೆಟ್ ಯಾರ ಮುಖವನ್ನೂ ನೋಡುವುದಿಲ್ಲ. ಪುರುಷರ ಆಟದಲ್ಲಿ ಅದರ ಎತ್ತರ 2.43 ಮೀಟರ್, ಮಹಿಳೆಯರ ಆಟದಲ್ಲಿ 2.24 ಮೀಟರ್. ಉದ್ದನೆಯ ಆಳಿಗೂ ಗಿಡ್ಡನೆಯ ಆಳಿಗೂ, ಪೇಟೆಯವನಿಗೂ ಹಳ್ಳಿಯವನಿಗೂ ಅದು ಒಂದೇ ಎತ್ತರ. ದೇವರು ಕೊಟ್ಟ ಮೈಕಟ್ಟನ್ನು ಬದಲಾಯಿಸುವುದು ಯಾರಿಂದಲೂ ಆಗದು. ಆದರೆ ನೆಲವನ್ನು ಬಿಟ್ಟು ಮೇಲೇಳುವ ಶಕ್ತಿಯನ್ನು ಅಭ್ಯಾಸದಿಂದ ಬೆಳೆಸಿಕೊಳ್ಳಬಹುದು. ಅದನ್ನು ಬೆಳೆಸುವ ವಿಧಾನಗಳಲ್ಲಿ ಇಂದು ಬಹಳವಾಗಿ ಕೇಳಿಬರುತ್ತಿರುವುದು ಪ್ಲೈಯೊಮೆಟ್ರಿಕ್ ವ್ಯಾಯಾಮ. ಈ ವ್ಯಾಯಾಮವೆಂದರೇನು, ಅದರಿಂದ ನಮಗೆ ದೊರೆಯುವುದೆಷ್ಟು, ಅದರಲ್ಲಿರುವ ಅಪಾಯವೇನು ಎಂಬುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ವಾಲಿಬಾಲ್ ಹುಟ್ಟಿದಾಗ ನೆಗೆತದ ಆಟವಾಗಿರಲಿಲ್ಲ. 1895ರಲ್ಲಿ ಅಮೆರಿಕದ ಹೋಲಿಯೋಕ್ ಪಟ್ಟಣದ ವೈ.ಎಂ.ಸಿ.ಎ. ಸಂಸ್ಥೆಯಲ್ಲಿ ವಿಲಿಯಂ ಮಾರ್ಗನ್ ಎಂಬುವರು ಇದನ್ನು ರೂಪಿಸಿದರು. ಬ್ಯಾಸ್ಕೆಟ್‌ಬಾಲ್‌ನ ಓಡಾಟವನ್ನು ತಾಳಲಾರದ ನಡುವಯಸ್ಸಿನ ಗೃಹಸ್ಥರಿಗೆ ಮೈ ನೋಯದ ಒಂದು ವಿನೋದವಿರಲಿ ಎಂಬುದು ಅವರ ಇಚ್ಛೆಯಾಗಿತ್ತು. ಅದೇ ಸಂಸ್ಥೆಯ ಮೂಲಕ ಆಟವು ನಮ್ಮ ದೇಶಕ್ಕೂ ಬಂದಿತು. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಬಕ್ ಅವರು ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ದಕ್ಷಿಣ ಭಾರತದ ಆಟೋಟಗಳಿಗೆ ದೊಡ್ಡ ಆಸರೆಯಾಯಿತು. 1964ರಲ್ಲಿ ಟೋಕಿಯೋ ಒಲಿಂಪಿಕ್ಸಿಗೆ ವಾಲಿಬಾಲ್ ಸೇರುವ ವೇಳೆಗೆ ಅದು ವೃದ್ಧರ ವಿನೋದವಾಗಿ ಉಳಿದಿರಲಿಲ್ಲ. ನೆಟ್ಟಿನ ಮೇಲೆ ಎದ್ದು ಸ್ಮ್ಯಾಶ್ ಹೊಡೆಯುವವನೂ ಅದನ್ನು ಬ್ಲಾಕ್ ಮಾಡುವವನೂ ಪಂದ್ಯದ ಸೋಲು ಗೆಲುವುಗಳನ್ನು ನಿರ್ಣಯಿಸತೊಡಗಿದ್ದರು.

ಬ್ರಹ್ಮಗಿರಿಯ ತಪ್ಪಲಿನ ಹಳ್ಳಿಗಳಲ್ಲಿ, ಒಟ್ಟಿನಲ್ಲಿ ಮೊಳಕಾಲ್ಮೂರು ಚಳ್ಳಕೆರೆ ಸೀಮೆಯಲ್ಲಿ, ಈ ಆಟ ಏಕೆ ನೆಲೆ ನಿಂತಿತೆಂಬುದು ಸುಲಭವಾಗಿ ತಿಳಿಯುತ್ತದೆ. ಎರಡು ಕಂಬ, ಒಂದು ನೆಟ್, ಒಂದು ಚೆಂಡು, 18 ಮೀಟರ್ ಉದ್ದ 9 ಮೀಟರ್ ಅಗಲದ ಬಯಲು, ಇಷ್ಟಿದ್ದರೆ ಸಾಕು. ಮಳೆ ಕಡಿಮೆಯಾದ ನಮ್ಮ ಕಡೆ ಬಯಲಿಗೆ ಬರವಿಲ್ಲ. ನಮ್ಮ ಹುಡುಗರ ಕಾಲುಗಳಿಗೆ ಬಲವೂ ಇದೆ. ಬಂಡೆ ಹತ್ತಿದವರು, ಕುರಿಯ ಹಿಂದೆ ಮೈಲಿಗಟ್ಟಲೆ ನಡೆದವರು ಅವರು. ಹೀಗಿದ್ದೂ ಬೆಟ್ಟವನ್ನು ಸಲೀಸಾಗಿ ಹತ್ತುವವನು ನೆಟ್ಟಿನ ಬಳಿ ನಿಂತಾಗ ಅಂಗೈಯಷ್ಟೂ ಮೇಲೇಳದಿರುವುದನ್ನು ನಾನು ಅನೇಕ ಸಾರಿ ಕಂಡಿದ್ದೇನೆ. ಇದಕ್ಕೆ ಕಾರಣವೇನು?

ಕಾರಣ ಬಲಕ್ಕೂ ವೇಗಕ್ಕೂ ಇರುವ ಭೇದದಲ್ಲಿದೆ. ಬೆಟ್ಟ ಹತ್ತುವಾಗ ತೊಡೆಯ ಸ್ನಾಯುಗಳಿಗೆ ತಮ್ಮ ಬಲವನ್ನು ತೋರಲು ಬೇಕಾದಷ್ಟು ಕಾಲಾವಕಾಶವಿರುತ್ತದೆ. ನೆಗೆಯುವವನಿಗೆ ಆ ಅವಕಾಶವಿಲ್ಲ. ಪಾದವು ನೆಲವನ್ನು ಮುಟ್ಟಿ ಬಿಡುವ ಒಂದು ಸೆಕೆಂಡಿನ ಸಣ್ಣ ಪಾಲಿನಲ್ಲಿ ಎಲ್ಲ ಬಲವೂ ಹೊರಬರಬೇಕು. ನಿಧಾನದ ಬಲವನ್ನು ವೇಗದ ಬಲವನ್ನಾಗಿ ಪರಿವರ್ತಿಸುವುದೇ ಪ್ಲೈಯೊಮೆಟ್ರಿಕ್ ವ್ಯಾಯಾಮದ ಕೆಲಸ.

ಇದರ ತತ್ತ್ವವನ್ನು ಯಾರು ಬೇಕಾದರೂ ತಮ್ಮ ಮೈಯಲ್ಲೇ ಪರೀಕ್ಷಿಸಬಹುದು. ಮೊದಲು ಮಂಡಿಗಳನ್ನು ಮಡಿಸಿ ಕುಳಿತಂತೆ ಬಗ್ಗಿ, ನಾಲ್ಕೈದು ಸೆಕೆಂಡು ಅಲುಗದೆ ನಿಂತು, ಅಲ್ಲಿಂದ ನೆಗೆಯಿರಿ. ಬಳಿಕ ನೆಟ್ಟಗೆ ನಿಂತು, ಸರ್ರನೆ ಬಗ್ಗಿ, ತಡಮಾಡದೆ ನೆಗೆಯಿರಿ. ಎರಡನೆಯ ಸಾರಿ ನೀವು ಹೆಚ್ಚು ಎತ್ತರಕ್ಕೆ ಏಳುವಿರಿ. ಕೆಳಗಿಳಿಯುವಾಗ ತೊಡೆ ಮತ್ತು ಮೀನಖಂಡದ ಸ್ನಾಯುಗಳೂ, ಅವುಗಳನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳೂ ಎಳೆಯಲ್ಪಡುತ್ತವೆ. ಎಳೆದ ರಬ್ಬರಿನಂತೆ ಸ್ನಾಯುರಜ್ಜು ಸ್ವಲ್ಪ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ನಾಯುವಿನೊಳಗಿನ ಸೂಕ್ಷ್ಮ ನರಾಂಗಗಳು ಆ ಎಳೆತವನ್ನರಿತು ಮರುಕ್ಷಣವೇ ಸ್ನಾಯುವನ್ನು ಸಂಕುಚಿಸುವಂತೆ ಪ್ರೇರಿಸುತ್ತವೆ. ಬಗ್ಗುವ ವೇಳೆಯಲ್ಲೇ ಸ್ನಾಯು ಬಿಗಿಗೊಂಡು ಮೇಲೇಳಲು ಸಿದ್ಧವಾಗಿರುವುದೂ ಒಂದು ಲಾಭ. ಆದರೆ ಇಳಿತಕ್ಕೂ ಏರಿಕೆಗೂ ನಡುವಣ ತಿರುವಿನಲ್ಲಿ ತಡವಾದರೆ ಈ ಲಾಭದ ಬಹುಭಾಗ ಸೋರಿಹೋಗುತ್ತದೆ. ಗಟ್ಟಿ ನೆಲದ ಮೇಲೆ ಬಿದ್ದ ರಬ್ಬರ್ ಚೆಂಡು ಪುಟಿಯುತ್ತದೆ. ಕೆಸರಿನಲ್ಲಿ ಬಿದ್ದ ಚೆಂಡು ಅಲ್ಲೇ ಕೂರುತ್ತದೆ. ತಡಮಾಡಿದ ಆಟಗಾರನು ಕೆಸರಿನ ಚೆಂಡಿನಂತೆ.

1960ರ ದಶಕದಲ್ಲಿ ಸೋವಿಯತ್ ದೇಶದ ಯೂರಿ ವೆರ್ಖೋಷಾನ್‌ಸ್ಕಿ ಎಂಬ ತರಬೇತುದಾರರು ಈ ತತ್ತ್ವವನ್ನು ಆಧರಿಸಿ, ಎತ್ತರದಿಂದ ಕೆಳಗೆ ಇಳಿದು ನೆಲ ಮುಟ್ಟಿದ ಕೂಡಲೆ ಮೇಲಕ್ಕೆ ಪುಟಿಯುವ ಕಠಿಣ ಅಭ್ಯಾಸವೊಂದನ್ನು ಬೆಳೆಸಿದರು. 1975ರಲ್ಲಿ ಅಮೆರಿಕದ ಫ್ರೆಡ್ ವಿಲ್ಟ್ ಇಂತಹ ವ್ಯಾಯಾಮಗಳಿಗೆ ಪ್ಲೈಯೊಮೆಟ್ರಿಕ್ಸ್ ಎಂದು ಹೆಸರಿಟ್ಟರು. ‘ಹೆಚ್ಚು’ ಮತ್ತು ‘ಅಳತೆ’ ಎಂಬರ್ಥದ ಎರಡು ಗ್ರೀಕ್ ಪದಗಳಿಂದ ಈ ಹೆಸರು ಬಂದಿದೆ. ನಮ್ಮಲ್ಲಿ ‘ಹೆಚ್ಚು’ ಎಂಬುದನ್ನು ಮಾತ್ರ ಹಿಡಿದುಕೊಂಡು ‘ಅಳತೆ’ಯನ್ನು ಬಿಟ್ಟುಬಿಟ್ಟಿದ್ದೇವೆಂಬುದೇ ನನ್ನ ಮುಖ್ಯ ಆಕ್ಷೇಪಣೆ.

ಮೊದಲು ಲಾಭವನ್ನೇ ಅಳೆಯೋಣ. ಈ ಬಗೆಯ ಅಭ್ಯಾಸದ ಕುರಿತು ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಗೋರಾನ್ ಮಾರ್ಕೋವಿಚ್ ಎಂಬ ವಿದ್ವಾಂಸರು 2007ರಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿದರು. ಬಗ್ಗಿ ನೆಗೆಯುವ ನೆಗೆತದಲ್ಲಿ ಸರಾಸರಿ ನೂರಕ್ಕೆ 8.7ರಷ್ಟು, ಕೈಬೀಸಿ ನೆಗೆಯುವುದರಲ್ಲಿ 7.5ರಷ್ಟು ಹೆಚ್ಚಳ ಕಂಡುಬಂದಿತ್ತು. ಕೈ ಮೇಲೆತ್ತಿ ನಿಂತಾಗ 225 ಸೆಂಟಿಮೀಟರ್ ಮುಟ್ಟುವ ಆಟಗಾರನೊಬ್ಬನು 50 ಸೆಂಟಿಮೀಟರ್ ನೆಗೆಯುತ್ತಾನೆಂದು ಇಟ್ಟುಕೊಳ್ಳೋಣ. ಅವನ ಬೆರಳು ತಲುಪುವುದು 275ಕ್ಕೆ, ಅಂದರೆ ನೆಟ್ಟಿಗಿಂತ 32 ಸೆಂಟಿಮೀಟರ್ ಮೇಲಕ್ಕೆ. ಅವನಿಗೆ ನೂರಕ್ಕೆ 8ರಷ್ಟು ಹೆಚ್ಚಳವಾದರೆ ದೊರೆಯುವುದು 4 ಸೆಂಟಿಮೀಟರ್, ಸುಮಾರು ಎರಡು ಬೆರಳಿನ ಅಗಲ. ಇದು ಅಲ್ಪವೆಂದು ತೋರಬಹುದು. ಆದರೆ ಚೆಂಡಿನ ಅಡ್ಡಳತೆ ಸುಮಾರು 21 ಸೆಂಟಿಮೀಟರ್. ಬ್ಲಾಕಿನ ಬೆರಳ ತುದಿ ಸವರಿ ಹೊರಹೋಗುವ ಚೆಂಡಿಗೂ ಅಂಗೈಗೆ ಬಡಿದು ಎದುರಾಳಿಯ ಅಂಕಣದಲ್ಲೇ ಬೀಳುವ ಚೆಂಡಿಗೂ ಇರುವ ಅಂತರ ಎರಡು ಬೆರಳಿನದೇ. ಲಾಭವು ನಿಜವಾದುದು, ಆದರೆ ಪವಾಡವಲ್ಲ. ಒಂದು ತಿಂಗಳಲ್ಲಿ ಒಂದು ಅಡಿ ಏರಿಸುತ್ತೇವೆಂದು ಮೊಬೈಲಿನಲ್ಲಿ ಸಾರುವವರ ಮಾತನ್ನು ನಂಬಬಾರದು.

ಇನ್ನು ನಷ್ಟದ ವಿಚಾರ. ಮಂಡಿಚಿಪ್ಪಿನ ಕೆಳಗೆ, ಚಿಪ್ಪನ್ನೂ ಕಣಕಾಲಿನ ಎಲುಬನ್ನೂ ಕೂಡಿಸುವ ಗಟ್ಟಿಯಾದ ರಜ್ಜುವೊಂದಿದೆ. ಪ್ರತಿ ನೆಗೆತದಲ್ಲೂ, ಪ್ರತಿ ಇಳಿತದಲ್ಲೂ ಭಾರ ಬೀಳುವುದು ಅದರ ಮೇಲೆ. ಅತಿಯಾದ ದುಡಿತದಿಂದ ಅದು ನೋಯತೊಡಗುವುದನ್ನು ನೆಗೆಯುವವರ ಮಂಡಿನೋವು ಎಂದೇ ವೈದ್ಯರು ಕರೆಯುತ್ತಾರೆ. ನಾರ್ವೆ ದೇಶದ ಉನ್ನತ ದರ್ಜೆಯ ಕ್ರೀಡಾಪಟುಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ವಾಲಿಬಾಲ್ ಆಟಗಾರರಲ್ಲಿ ಸುಮಾರು ನೂರಕ್ಕೆ 45 ಮಂದಿಗೆ ಈ ನೋವಿತ್ತು. ವೈದ್ಯರೂ ಮರದ ಹಾಸಿನ ಅಂಕಣವೂ ಇರುವವರ ಗತಿಯೇ ಹೀಗಾದರೆ, ಗಟ್ಟಿ ನೆಲದಲ್ಲಿ ಬರಿಗಾಲಿನಲ್ಲಿ ಆಡುವವರು ಎಷ್ಟು ಎಚ್ಚರದಿಂದಿರಬೇಕು! ನಮ್ಮಲ್ಲಿ ಬಹುಮಂದಿಗೆ ಮಂಡಿಯೆಂಬುದು ಆಟದ ಸಾಧನ ಮಾತ್ರವಲ್ಲ. ಹೊಲದಲ್ಲಿ ಶೇಂಗಾ ಕೀಳುವುದು ಅದೇ ಮಂಡಿಯೂರಿ. ಪೊಲೀಸ್ ಪೇದೆಯ ಕೆಲಸಕ್ಕೆ ಅರ್ಜಿ ಹಾಕಿದರೆ ಓಡಿ, ಜಿಗಿದು ತೋರಿಸಬೇಕಾದುದೂ ಅದೇ ಮಂಡಿಯ ಬಲದಿಂದ. ಮನೆಯಲ್ಲಿ ಮೊದಲ ಪದವೀಧರನಾಗಲಿರುವ ಹುಡುಗನು ಇಪ್ಪತ್ತನೆಯ ವಯಸ್ಸಿನಲ್ಲಿ ಮಂಡಿ ಕಳೆದುಕೊಂಡರೆ ಆ ನಷ್ಟ ಅವನೊಬ್ಬನದಲ್ಲ, ಇಡೀ ಮನೆಯದು.

ಆದುದರಿಂದ ಅಭ್ಯಾಸಕ್ಕೊಂದು ಕ್ರಮ ಬೇಕು. ಮೊದಲನೆಯದು ಬಲ. ಇದಕ್ಕೆ ಯಂತ್ರಗಳು ಬೇಕಿಲ್ಲ. ನಮ್ಮ ಗರಡಿಮನೆಗಳ ಬಸ್ಕಿಯೇ ಉತ್ತಮವಾದ ತಳಹದಿ. ಕೆಲವು ವಾರ ಬಸ್ಕಿ ಹೊಡೆದು, ಒಂದೇ ಕಾಲಿನ ಮೇಲೆ ಬಗ್ಗಿ ಏಳುವುದನ್ನೂ ಹಿಮ್ಮಡಿ ಎತ್ತಿ ಇಳಿಸುವುದನ್ನೂ ಕಲಿತವನಷ್ಟೇ ಮುಂದಕ್ಕೆ ಹೋಗಬೇಕು.

ಎರಡನೆಯದು ಇಳಿಯುವ ವಿದ್ಯೆ. ನೆಗೆಯುವುದನ್ನು ಕಲಿಯುವ ಮೊದಲು ಇಳಿಯುವುದನ್ನು ಕಲಿಯಬೇಕು. ಪಾದದ ಮುಂಭಾಗ ಮೊದಲು ತಾಗಿ, ಸೊಂಟ ಮಂಡಿಗಳೆರಡೂ ಬಗ್ಗಿ, ಸಪ್ಪಳ ಆದಷ್ಟು ಕಡಿಮೆಯಾಗಬೇಕು. ಮಂಡಿಗಳು ಒಂದರ ಕಡೆಗೊಂದು ಒಳಕ್ಕೆ ಬಾಗದೆ ಕಾಲ್ಬೆರಳುಗಳ ನೇರದಲ್ಲಿರಬೇಕು. ಹೀಗೆ ಒಳಬಾಗುವುದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಮಂಡಿಯೊಳಗಿನ ಅಡ್ಡರಜ್ಜು ಹರಿಯುವ ಅಪಾಯವೂ ಅವರಿಗೇ ಹೆಚ್ಚು. ನಮ್ಮ ವಿದ್ಯಾರ್ಥಿನಿಯರ ತಂಡಕ್ಕೆ ಮೊದಲ ದಿನವೇ ಕಲಿಸಬೇಕಾದ ಪಾಠವಿದು.

ಮೂರನೆಯದು ಸಣ್ಣ ಪುಟಿತಗಳು. ಹಗ್ಗದಾಟ, ಕುಂಟಾಬಿಲ್ಲೆಯಂತೆ ಒಂಟಿಕಾಲಿನ ಕುಪ್ಪಳಿಕೆ, ಗೇಣೆತ್ತರದ ಅಡ್ಡಗಳನ್ನು ಎರಡು ಕಾಲಿನಿಂದ ದಾಟುವುದು, ಇವೆಲ್ಲವೂ ಪ್ಲೈಯೊಮೆಟ್ರಿಕ್ ವ್ಯಾಯಾಮಗಳೇ. ಹೆಸರು ಹೊಸದಾದರೂ ನಮ್ಮ ತಂಗಿಯರು ಅಂಗಳದಲ್ಲಿ ಗೆರೆ ಎಳೆದು ಇದನ್ನೇ ಆಡುತ್ತಿದ್ದಾರೆ. ಎತ್ತರದ ಕಟ್ಟೆಯಿಂದ ಇಳಿದು ಪುಟಿಯುವುದು ಎಲ್ಲಕ್ಕೂ ಕೊನೆಯದು. ಬಲಿತ ಆಟಗಾರರಿಗೆ ಮಾತ್ರ, ಅದೂ ಬಲ್ಲವರ ಕಣ್ಣೆದುರಿನಲ್ಲಿ. ಹುಡುಗರು ಮೊದಲ ದಿನವೇ ಕಲ್ಲುಚಪ್ಪಡಿಯ ಮೇಲಿನಿಂದ ಧುಮುಕುವುದು ಮೆಟ್ಟಿಲು ಬಿಟ್ಟು ಮಾಳಿಗೆ ಹತ್ತಿದಂತೆ.

ನಾಲ್ಕನೆಯದು ಎಣಿಕೆ ಮತ್ತು ವಿಶ್ರಾಂತಿ. ಹೊಸಬರಿಗೆ ಒಂದು ದಿನಕ್ಕೆ ಪಾದವು ನೆಲ ಮುಟ್ಟುವ ಎಣಿಕೆ 80ರಿಂದ 100ನ್ನು ಮೀರಬಾರದೆಂಬುದು ತರಬೇತುದಾರರ ಸಾಮಾನ್ಯ ನಿಯಮ. ವಾರಕ್ಕೆ ಎರಡು ದಿನ ಸಾಕು. ನಡುವೆ ಎರಡು ದಿನಗಳ ಬಿಡುವಿರಲಿ. ದಣಿದ ಕಾಲು ವೇಗವಾಗಿ ಪುಟಿಯಲಾರದು. ಅದು ಕಲಿಯುವುದು ನಿಧಾನವನ್ನೇ. ಶೇಂಗಾ ಸುಗ್ಗಿಯ ದಿನಗಳಲ್ಲಿ ಹೊಲದ ದುಡಿಮೆಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಬೆಳಗಿನಿಂದ ಕುಕ್ಕರುಗಾಲಿನಲ್ಲಿ ಕೆಲಸ ಮಾಡಿ ಬಂದವನನ್ನು ಸಂಜೆ ನೆಗೆಸುವುದು ವ್ಯಾಯಾಮವಲ್ಲ, ದಂಡನೆ. ನೆಲವು ಸಿಮೆಂಟಾಗಲಿ ಬಂಡೆಯಾಗಲಿ ಆಗಿರಬಾರದು. ಉದ್ದಜಿಗಿತದ ಮರಳುಗುಂಡಿ ಕಲಿಯುವವರಿಗೆ ಒಳ್ಳೆಯದು. ಮರಳು ಪುಟಿತವನ್ನು ಕೊಂಚ ನುಂಗಿದರೂ ಪೆಟ್ಟನ್ನೂ ನುಂಗುತ್ತದೆ.

ಪ್ರಗತಿಯನ್ನು ತಿಳಿಯಲು ಒಂದು ಗೋಡೆ, ಒಂದು ಸೀಮೆಸುಣ್ಣ ಸಾಕು. ಬೆರಳಿಗೆ ಸುಣ್ಣ ಹಚ್ಚಿ ನಿಂತು ಮುಟ್ಟಿದ ಗುರುತಿಗೂ ನೆಗೆದು ಮುಟ್ಟಿದ ಗುರುತಿಗೂ ಇರುವ ಅಂತರವೇ ನೆಗೆತ. 1921ರಲ್ಲಿ ಡಾಕ್ಟರ್ ಸಾರ್ಜೆಂಟ್ ಎಂಬುವರು ಪ್ರಚಾರಕ್ಕೆ ತಂದ ಪರೀಕ್ಷೆಯ ಸರಳ ರೂಪವಿದು. ತಿಂಗಳಿಗೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಮಂಡಿ ನೋವಿದೆಯೇ ಇಲ್ಲವೇ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ಅಳತೆ ಏರಿ ನೋವೂ ಏರಿದರೆ ಅದನ್ನು ಪ್ರಗತಿಯೆಂದು ಕರೆಯಲಾಗದು.

1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿಯ ಬಂಡೆಯ ಮೇಲೆ ಗುರುತಿಸಿದ ಅಶೋಕನ ಶಾಸನದಲ್ಲಿ, ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಸಾಧ್ಯವೆಂಬ ಆಶಯವಿದೆ. ಧರ್ಮದ ವಿಷಯದಲ್ಲಿ ಹೇಳಿದ ಆ ಮಾತು ಮೈದಾನಕ್ಕೂ ಸಲ್ಲುತ್ತದೆಂದು ಭಾವಿಸುತ್ತೇನೆ. ಪ್ರಯತ್ನವಂತೂ ನಮ್ಮ ಹುಡುಗರಲ್ಲಿ ಧಾರಾಳವಾಗಿದೆ. ಅದಕ್ಕೆ ಅಳತೆಯನ್ನು ಕಲಿಸಿಕೊಡುವ ಭಾರ ನಮ್ಮ ದೈಹಿಕ ಶಿಕ್ಷಣದ ಗುರುಗಳದು, ತಂಡದ ನಾಯಕರದು. ಮುಂದಿನ ವರ್ಷದ ತಂಡವು ಜೂನ್ ತಿಂಗಳಲ್ಲೇ ಬಸ್ಕಿಯಿಂದ ಆರಂಭಿಸಿ, ಸಪ್ಪಳವಿಲ್ಲದೆ ಇಳಿಯುವುದನ್ನು ಕಲಿತು, ಆಮೇಲೆ ನೆಗೆಯಲಿ ಎಂಬುದು ಕಾಲೇಜನ್ನು ಬಿಟ್ಟುಹೋಗುತ್ತಿರುವ ನನ್ನ ವಿನಂತಿ.